ಕೂಸಿಗೆ ಹದಿನಾಲ್ಕು ನಿಯಮಗಳು

ಯಾರ ಮನೆಯಲ್ಲಾದರೂ ಎಳೆಗೂಸು ಅತ್ತರೆ ನನ್ನ ದೃಷ್ಟಿ ಕೂಸಿನ ಕಡೆಗೆ ಹೋಗುವುದಿಲ್ಲ, ಗಡಿಯಾರದ ಕಡೆಗೆ ಹೋಗುತ್ತದೆ. ಇದು ಒಳ್ಳೆಯ ರೂಢಿಯಲ್ಲವೆಂದು ನನಗೆ ಗೊತ್ತು, ಬಿಡಲು ಆಗಿಲ್ಲ. ಮೊನ್ನೆ ಗೋಕಾಕದಲ್ಲಿ ಸ್ನೇಹಿತರೊಬ್ಬರ ಪಡಸಾಲೆಯಲ್ಲಿ ಕುಳಿತಿದ್ದಾಗ ಒಳಗೆ ಅವರ ಮೊಮ್ಮಗು ದನಿ ತೆಗೆಯಿತು. ನಾನು ಚಹದ ಬಟ್ಟಲನ್ನು ಕೆಳಗಿಟ್ಟು ಗೋಡೆಯತ್ತ ನೋಡಿ, "ಇನ್ನೂ ಇಪ್ಪತ್ತ ಮಿನಿಟ ಅದಾವಲ್ಲ" ಎಂದುಬಿಟ್ಟೆ. ಸ್ನೇಹಿತರು ಇದು ನನ್ನ ಮೋಟಾರಿನ ವೇಳೆಯ ಮಾತೆಂದು ತಿಳಿದು, "ಇದು ಹೋದ್ರ ಇನ್ನೊಂದ ಬರ್ತೈತಿ, ಕುಂದರ್ರಿ. ರೊಟ್ಟಿ ತಿಂದ ಹೋಗೀರಂತ" ಎಂದು ಉಪಚರಿಸಿದರು. ರೊಟ್ಟಿಯನ್ನು ತಿಂದೆನೇ ಹೊರತು ನಿಜವನ್ನು ಹೇಳಲಿಲ್ಲ. ಅವರಿಗೆ ಹೇಳದಿದ್ದುದನ್ನು ನಿಮಗೆ ಹೇಳುತ್ತೇನೆ. ಓದುಗರೊಡನೆ ಮಾತನಾಡುವುದರಲ್ಲಿ ಒಂದು ಅನುಕೂಲವಿದೆ: ನನ್ನ ಮುಖ ನಿಮಗೆ ಕಾಣುವುದಿಲ್ಲ.

ಧಾರವಾಡದಲ್ಲಿ ನಾನು ಓದುತ್ತಿದ್ದಾಗ ನಮ್ಮ ಕಾಲೇಜಿನ ವಾದಸಭೆಗೆ ಒಂದು ಪದ್ಧತಿಯಿತ್ತು. ಚರ್ಚೆಯ ವಿಷಯವನ್ನು ವಾರದ ಮುಂಚೆ ತಿಳಿಸುತ್ತಿದ್ದರು. ಯಾರು ಯಾವ ಪಕ್ಷವೆಂಬುದನ್ನು ಮಾತ್ರ ಸಭೆಯಲ್ಲಿಯೇ ಚೀಟಿ ಎತ್ತಿ ನಿರ್ಣಯಿಸುತ್ತಿದ್ದರು. ಆದ್ದರಿಂದ ಎರಡೂ ಪಕ್ಷಗಳನ್ನು ಕಂಠಪಾಠ ಮಾಡಿಕೊಂಡು ಹೋಗಬೇಕಾಗುತ್ತಿತ್ತು. ಬಾಲ್ಯವಿವಾಹವನ್ನು ನಾನು ಒಂದು ವರ್ಷ ಖಂಡಿಸಿ ಬಹುಮಾನ ಪಡೆದೆ. ಮರುವರ್ಷ ಸಮರ್ಥಿಸಿ ಅದಕ್ಕಿಂತ ದೊಡ್ಡ ಬಹುಮಾನ ಪಡೆದೆ. ಎರಡೂ ಸಲ ನನ್ನ ಕಣ್ಣಲ್ಲಿ ನೀರು ಬಂದಿತ್ತು. ಇಂಥ ಶಿಕ್ಷಣದಿಂದ ನಾಲಿಗೆ ಹರಿತವಾಗುತ್ತದೆ, ಸಂಶಯವಿಲ್ಲ. ಆದರೆ ಮನಸ್ಸಿನೊಳಗೆ ಇಬ್ಬರು ಬಾಡಿಗೆದಾರರು ಬಂದು ಸೇರುತ್ತಾರೆ. ಒಬ್ಬನು ಹೌದೆನ್ನುತ್ತಾನೆ, ಇನ್ನೊಬ್ಬನು ಅಲ್ಲವೆನ್ನುತ್ತಾನೆ. ಮನೆಯ ಒಡೆಯ ಯಾರೆಂಬುದು ಮಾತ್ರ ತಿಳಿಯದು.

ನಮ್ಮೂರಾದ ಮೂಡಲಗಿಯ ಸಾಲೆಗೇ ಮಾಸ್ತರನಾಗಿ ಬಂದ ಮೇಲೆ ಸಮಾಜವನ್ನು ಸುಧಾರಿಸುವುದಕ್ಕಾಗಿ ನಾನು ರವಿವಾರಗಳನ್ನು ಮೀಸಲಿಟ್ಟೆ. ಒಂದು ರವಿವಾರ ಕೌಜಲಗಿಯಲ್ಲಿ 'ಶಿಶುಸಂಗೋಪನ' ಎಂಬ ವಿಷಯದ ಮೇಲೆ ಒಂದೂವರೆ ತಾಸು ಮಾತನಾಡಿದೆ. ಬಾಣಂತಿಯ ಕೋಣೆಯ ಕತ್ತಲನ್ನು ಖಂಡಿಸಿದೆ, ಹೊಗೆಯನ್ನು ಖಂಡಿಸಿದೆ, ಕೂಸಿಗೆ ಹೊಟ್ಟೆನೋವೆಂದು ಸುಟ್ಟ ಅರಿಷಿಣಕೊಂಬಿನಿಂದ ಬರೆ ಹಾಕುವ ಪದ್ಧತಿಯನ್ನು ಎಲ್ಲಕ್ಕಿಂತ ಹೆಚ್ಚಾಗಿ ಖಂಡಿಸಿದೆ. ಸಭೆಯಲ್ಲಿ ನಲವತ್ತು ಗಂಡಸರಿದ್ದರು. ಹೆಂಗಸರು ಒಬ್ಬರೂ ಇರಲಿಲ್ಲ. ಅವರೆಲ್ಲ ಮನೆಯಲ್ಲಿ ಕೂಸುಗಳನ್ನು ನೋಡಿಕೊಳ್ಳುತ್ತಿದ್ದರೆಂಬುದು ನನಗಾಗಲಿ ನಲವತ್ತು ಶ್ರೋತೃಗಳಿಗಾಗಲಿ ಹೊಳೆಯಲಿಲ್ಲ. ಕೊನೆಗೆ ಮುದುಕ ಒಕ್ಕಲಿಗನೊಬ್ಬ ಎದ್ದು ನಿಂತ.

"ಮಾಸ್ತರ್ರ, ಬಾಳ ಛಲೋ ಹೇಳಿದ್ರಿ. ನಿಮಗ ಕೂಸ ಎಷ್ಟ ಅದಾವ್ರಿ?"

"ಇನ್ನೂ ಇಲ್ಲ" ಎಂದೆ.

"ಹಾಂ, ಅದಕ್ಕ ಇಷ್ಟೆಲ್ಲಾ ಗೊತ್ತೈತಿ ನಿಮಗ" ಎಂದು ಕುಳಿತ. ಸಭೆ ಅಲ್ಲಿಗೆ ಮುಗಿಯಿತು.

ಬಾಣಂತಿಯ ಕೋಣೆಯನ್ನು ಖಂಡಿಸಿದೆನೆಂದೆ. ಆದರೆ ನನ್ನ ಬಾಲ್ಯದ ಸವಿಯಾದ ವಾಸನೆಯೆಲ್ಲ ಇರುವುದು ಆ ಕೋಣೆಯಲ್ಲಿಯೇ. ಓಮಕಾಳಿನ ಹೊಗೆ, ಲೋಬಾನ, ಹುರಿದ ಬೆಳ್ಳುಳ್ಳಿ, ಬಿಸಿ ಮಾಡಿದ ಎಣ್ಣೆ, ಇವೆಲ್ಲ ಕೂಡಿ ಬಾಗಿಲ ಸಂದಿಯಿಂದ ಹೊರಗೆ ಬರುತ್ತಿದ್ದವು; ನಾವು ಹುಡುಗರು ಆ ಸಂದಿಗೆ ಮೂಗು ಹಚ್ಚಿ ಸರದಿಯಂತೆ ನಿಲ್ಲುತ್ತಿದ್ದೆವು. ಒಳಗೆ ನನ್ನ ಸೋದರತ್ತೆ ಚನ್ನವ್ವ ಕಾಲು ನೀಡಿ ಕುಳಿತು, ಕಾಲುಗಳ ಮೇಲೆ ಯಾರದೋ ಕೂಸನ್ನು ಬೋರಲು ಮಲಗಿಸಿ, ಹಬೆಯಾಡುವ ನೀರನ್ನು ಹೊಯ್ಯುತ್ತಿದ್ದಳು. ಕೂಸು ಕೆಂಪಾಗಿ ಕಿರಿಚುವುದು, ಆಮೇಲೆ ಸತ್ತಂತೆ ನಿದ್ದೆಹೋಗುವುದು. ನಮ್ಮ ಓಣಿಯ ಅರ್ಧ ಜನ ಅವಳ ಕಾಲ ಮೇಲೆ ಬೆಳೆದವರು. ತಾಯಿಯಿಲ್ಲದ ನನ್ನನ್ನು ಸಾಕಿದವಳೂ ಅವಳೇ. ಚಿಕ್ಕ ವಯಸ್ಸಿನಲ್ಲಿಯೇ ಗಂಡನನ್ನೂ ಎರಡು ಎಳೆಗೂಸುಗಳನ್ನೂ ಕಳೆದುಕೊಂಡು ತಮ್ಮನ ಊರಿಗೆ ಬಂದು, ನಮ್ಮ ಮನೆಯಿಂದ ಎರಡನೆಯ ಮನೆಯಲ್ಲಿ ಒಬ್ಬಳೇ ಇರುತ್ತಿದ್ದಳು. ಅವಳ ಎದುರಿಗೆ ನಾನು ಎಷ್ಟು ಇಂಗ್ಲಿಷ್ ಕಲಿತರೂ 'ತಮ್ಮಾ' ಎನ್ನಿಸಿಕೊಳ್ಳುವವನೇ.

ನನ್ನ ಹೆಂಡತಿ ನೀಲವ್ವ ಹುಕ್ಕೇರಿ ಕಡೆಯ ಕಣಗಲಾದವಳು, ಒಕ್ಕಲುಮನೆಯ ಮಗಳು. ಮದುವೆಯಾಗಿ ಬಂದಾಗ ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ನಾನು ಕಲಿಸಿದೆ. ಅವಳು ರೊಟ್ಟಿಯ ಹಿಟ್ಟನ್ನು ಹರವಿ ಅದರ ಮೇಲೆ ಬೆರಳಿನಿಂದ ತಿದ್ದುತ್ತಿದ್ದಳು. ಅನೇಕ ಸಲ ನಾನು ಊಟಕ್ಕೆ ಕುಳಿತಾಗ ವರ್ಣಮಾಲೆಯನ್ನೇ ತಿಂದಿದ್ದೇನೆ. ಎರಡು ವರ್ಷಕ್ಕೆ ಓದು ಬಂತು. ಓದು ಬಂದ ಮೇಲೆ ಅವಳಲ್ಲಿ ಒಂದು ವಿಚಿತ್ರವಾದ ಶ್ರದ್ಧೆ ಹುಟ್ಟಿತು: ಅಚ್ಚಾದದ್ದು ಸುಳ್ಳಾಗಲಾರದು. ಪಂಚಾಂಗದಲ್ಲಿ ಮಳೆಯೆಂದು ಇದ್ದ ದಿನ ಸುಡುಬಿಸಿಲಿದ್ದರೂ ಅಂಗಳದಲ್ಲಿ ಒಣಹಾಕಿದ ಸಗಣಿಯ ಕುಳ್ಳುಗಳನ್ನು ಒಳಗೆ ಸಾಗಿಸುತ್ತಿದ್ದಳು. ನಾನು ನಕ್ಕು, "ಪಂಚಾಂಗ ಸುಳ್ಳು ಹೇಳಬಹುದು, ಶಾಸ್ತ್ರೀಯ ಗ್ರಂಥ ಹೇಳುವುದಿಲ್ಲ" ಎಂದು ತಿದ್ದಿದೆ. ಆ ತಿದ್ದುಪಡಿಯನ್ನು ಅವಳು ಮನಸ್ಸಿನಲ್ಲಿ ಭದ್ರವಾಗಿ ಇಟ್ಟುಕೊಂಡಳು.

ಚೊಚ್ಚಲು ಹೆರಿಗೆ ತವರಿನಲ್ಲಿ ಆಗಬೇಕೆಂಬುದು ನಮ್ಮಲ್ಲಿ ಪ್ರಶ್ನೆಯೇ ಇಲ್ಲದ ಮಾತು. ಏಳು ತಿಂಗಳು ತುಂಬಿದಾಗ ಮಾವನವರು ಎರಡು ದಿನದ ಹಾದಿ ಬಂಡಿ ಕಟ್ಟಿಕೊಂಡು ಬಂದರು. ನಾನು ಅವರನ್ನು ಕೂರಿಸಿಕೊಂಡು ಒಂದು ತಾಸು ವಾದಿಸಿದೆ: ತಂದೆಯಾಗುವವನ ಹೊಣೆ, ಗಾಳಿ ಬೆಳಕು, ಶಾಸ್ತ್ರೀಯ ಪೋಷಣ, ಸಮಾಜಕ್ಕೆ ಮಾದರಿ. ಅವರು ಎಲ್ಲವನ್ನೂ ತಲೆದೂಗುತ್ತ ಕೇಳಿದರು. ಕೊನೆಗೆ, "ಅಳಿಯಾರು ಹೇಳೂದ ಖರೆ ಐತ್ರಿ. ಆದ್ರ ನಾ ಬಂಡಿ ತಂದೇನಲ್ರಿ" ಎಂದರು. ಈ ಮಾತಿಗೆ ಏನು ಉತ್ತರ ಕೊಡಬೇಕೆಂದು ಯಾವ ವಾದಸಭೆಯೂ ನನಗೆ ಕಲಿಸಿರಲಿಲ್ಲ. ಆದರೂ ಗೆದ್ದೆ. ಬಂಡಿ ಬರಿದೇ ಹೋಯಿತು. ಬಂಡಿ ತಿರುವಿನಲ್ಲಿ ಮರೆಯಾಗುವವರೆಗೆ ನೀಲವ್ವ ಬಾಗಿಲಲ್ಲಿ ನಿಂತಿದ್ದಳು. ನಾನು ಒಳಗೆ ಕುಳಿತು ನಿಯಮಗಳನ್ನು ಬರೆಯತೊಡಗಿದ್ದೆ.

ಆ ನಿಯಮಗಳ ಮೂಲ, ಬೆಳಗಾವಿಯ ಹಳೆಯ ಪುಸ್ತಕದಂಗಡಿಯಲ್ಲಿ ಸಿಕ್ಕ ಒಂದು ಇಂಗ್ಲಿಷ್ ಗ್ರಂಥ. ರಟ್ಟಿನ ಮೇಲೆ ದುಂಡನೆಯ ಬಿಳಿಯ ಕೂಸೊಂದರ ಚಿತ್ರವಿತ್ತು. ಅದು ಜನ್ಮದಲ್ಲಿ ಒಮ್ಮೆಯೂ ಅತ್ತಂತೆ ಕಾಣುತ್ತಿರಲಿಲ್ಲ. ಅದರ ಸಾರವನ್ನು ನಾನು ಹದಿನಾಲ್ಕು ನಿಯಮಗಳಾಗಿ ಕನ್ನಡಕ್ಕೆ ಇಳಿಸಿ, ದಪ್ಪ ಅಕ್ಷರಗಳಲ್ಲಿ ಬರೆದು, ಅಂಬಲಿ ಸವರಿ ಗೋಡೆಗೆ ಅಂಟಿಸಿದೆ. ನಾಲ್ಕನೆಯ ನಿಯಮ ಹೀಗಿತ್ತು: 'ನಾಲ್ಕು ತಾಸಿಗೊಮ್ಮೆ ಮಾತ್ರ ಹಾಲು ಕುಡಿಸತಕ್ಕದ್ದು. ಅತ್ತಿತೆಂಬ ಕಾರಣಕ್ಕೆ ಕುಡಿಸಿದರೆ ಕೂಸಿನ ಶೀಲ ಕೆಡುವುದು.' ಐದನೆಯದು: 'ಅಳುವ ಕೂಸನ್ನು ಎತ್ತಿಕೊಳ್ಳತಕ್ಕದ್ದಲ್ಲ.' ನನ್ನ ಜೇಬಿನ ಗಡಿಯಾರವನ್ನು ಅದರ ಪಕ್ಕದ ಗೂಟಕ್ಕೆ ತೂಗುಹಾಕಿದೆ.

ಹೆಣ್ಣು ಕೂಸು ಹುಟ್ಟಿತು. ಸೂಲಗಿತ್ತಿ ಬಂದು ಹೋದಳು, ಮಠದ ಅಯ್ಯನವರು ಬಂದು ಎಳೆಯ ಕೊರಳಿಗೆ ಲಿಂಗ ಕಟ್ಟಿಹೋದರು. ಚನ್ನವ್ವತ್ತೆ ಎರಡು ಹೊತ್ತು ಬಂದು ಕೂಸಿಗೆ ನೀರೆರೆಯತೊಡಗಿದಳು. ಮೊದಲ ದಿನವೇ ಗೋಡೆಯ ಮುಂದೆ ನಿಂತಳು.

"ಇದೇನೋ ತಮ್ಮಾ, ಗ್ವಾಡಿಗಿ ಹಚ್ಚಿದ್ದು?"

"ಕೂಸಿನ ನಿಯಮ, ಅತ್ತಿ."

"ಕೂಸಿಗಿ ಓದಾಕ ಬರ್ತೈತೇನು?"

ನಾನು ಗಂಭೀರನಾಗಿದ್ದೆ. ಅವಳು ಬಾಣಂತಿಯ ಕೋಣೆಯ ಬಾಗಿಲನ್ನು ಭದ್ರವಾಗಿ ಮುಚ್ಚಿದ್ದನ್ನು ಕಂಡು, ನಮ್ಮ ಶರಣರ ಮಾರ್ಗದಲ್ಲಿ ಜನನಸೂತಕವೆಂಬುದೇ ಇಲ್ಲವೆಂದೂ, ತಾಯಿ ಮಗುವನ್ನು ಕತ್ತಲಲ್ಲಿ ಇಡುವುದು ನಮ್ಮ ಧರ್ಮಕ್ಕೇ ವಿರೋಧವೆಂದೂ ವಿಸ್ತಾರವಾಗಿ ಹೇಳಿದೆ.

"ಸೂತಕ ಇಲ್ಲಂತ ನನಗೂ ಗೊತ್ತೈತಿ. ಗಾಳಿ ಬರಬಾರ್ದಂತ ಬಾಗಲಾ ಹಾಕೇನಿ. ಶರಣರು ಗಾಳಿ ಇಲ್ಲ ಅಂದಾರೇನು?" ಎಂದಳು.

ಅದರಲ್ಲಿಯೂ ಕೊಂಚ ಸತ್ಯವಿರಬಹುದೆಂದು ನನ್ನೊಳಗಿನ ಎರಡನೆಯ ಬಾಡಿಗೆದಾರ ಹೇಳಿದ. ಕಡೆಗೆ ಅರ್ಧ ಬಾಗಿಲು ತೆರೆದಿಡುವುದೆಂದು ಒಪ್ಪಂದವಾಯಿತು. ಅದರಿಂದ ಬೆಳಕೂ ಸರಿಯಾಗಿ ಬರಲಿಲ್ಲ, ಗಾಳಿಯೂ ನಿಲ್ಲಲಿಲ್ಲ.

ಕೂಸು ಅಳತೊಡಗಿತು. ಎಲ್ಲ ಕೂಸುಗಳೂ ಅಳುತ್ತವೆ, ಆದರೆ ಇದು ಮೊದಲ ವಾರ ಗಟ್ಟಿಯಾಗಿ ಅತ್ತು, ಎರಡನೆಯ ವಾರ ಸಣ್ಣ ದನಿಯಲ್ಲಿ ಅಳತೊಡಗಿತು. ನನಗೆ ಗಟ್ಟಿ ದನಿಗಿಂತ ಸಣ್ಣ ದನಿಯೇ ಹೆಚ್ಚು ಭಯವನ್ನುಂಟುಮಾಡಿತು. ವಾರಕ್ಕೊಮ್ಮೆ ತೂಗಬೇಕೆಂದು ಹತ್ತನೆಯ ನಿಯಮವಿತ್ತು. ತೂಕದ ಯಂತ್ರ ಎಲ್ಲಿಂದ ಬರಬೇಕು? ಬೆಲ್ಲದ ಅಂಗಡಿಯಿಂದ ದೊಡ್ಡ ತಕ್ಕಡಿಯನ್ನು ಹೊರಿಸಿಕೊಂಡು ಬಂದೆ. "ಕೂಸಿನ್ನ ತೂಗಬಾರ್ದೋ, ದೃಷ್ಟಿ ಆಗತೈತಿ" ಎಂದು ಅತ್ತೆ ಎಷ್ಟು ಹೇಳಿದರೂ ಕೇಳಲಿಲ್ಲ. ಅವಳೇ ಗೊಣಗುತ್ತ ಅರಿವೆ ಹಾಸಿ, ಬೆಲ್ಲದ ಅಂಟು ಹಿಡಿದ ತಕ್ಕಡಿಯ ಪರಡಿಯಲ್ಲಿ ಕೂಸನ್ನು ಮಲಗಿಸಿದಳು. ನಾನು ಆ ಕಡೆ ತೂಕದ ಕಲ್ಲುಗಳನ್ನು ಇಟ್ಟೆ. ಎರಡನೆಯ ವಾರ, ಹಿಂದಿನ ಸಲ ಇಟ್ಟಿದ್ದ ಕಲ್ಲುಗಳಲ್ಲಿ ಒಂದನ್ನು ತೆಗೆಯಬೇಕಾಯಿತು. ಕೂಸಿನ ಕಡೆಯ ಪರಡಿ ಮೇಲೆ ಇತ್ತು. ನಾನೂ ಅತ್ತೆಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ನಾನು ಗ್ರಂಥವನ್ನು ಮೊದಲಿನಿಂದ ಮತ್ತೆ ಓದಿದೆ. ತಾಯಿಗೆ ಜ್ವರವಿಲ್ಲ. ನಿಯಮಗಳು ತಪ್ಪದೆ ನಡೆದಿವೆ. ಹಾಲು ವೇಳೆಗೆ ಸರಿಯಾಗಿ ಕುಡಿಸುತ್ತಿದ್ದಾಳೆ. ಅತ್ತೆಯೂ ದಿನಾಲು, "ಕುಡಸೀ ಏನವಾ?" ಎಂದು ಕೇಳುತ್ತಿದ್ದಳು, "ಕುಡಸೇನ್ರಿ ಅತ್ತಿ" ಎಂದು ನೀಲವ್ವ ಹೇಳುತ್ತಿದ್ದಳು. ಸುಳ್ಳಲ್ಲ. ಯಾವಾಗ ಕುಡಿಸಿದೆ ಎಂದು ಅತ್ತೆ ಕೇಳಲಿಲ್ಲ, ಏಕೆಂದರೆ ಅಳುವ ಕೂಸಿಗೆ ಕುಡಿಸದೆ ಇರುವ ತಾಯಿಯುಂಟೆಂಬುದು ಅವಳ ಊಹೆಗೇ ಬರುವಂತಿರಲಿಲ್ಲ. ಹಾಲು ಕುಡಿದಿದೆ, ಆದರೂ ಅಳುತ್ತಿದೆ, ಆದ್ದರಿಂದ ಹೊಟ್ಟೆನೋವು. ಅತ್ತೆಯ ತರ್ಕದಲ್ಲಿ ನನಗೆ ಇಂದಿಗೂ ದೋಷ ಕಾಣುವುದಿಲ್ಲ.

ಹದಿನಾರನೆಯ ದಿನ ಶನಿವಾರ. ಶನಿವಾರ ಸಾಲೆ ಮುಂಜಾನೆಯದು. ಮಧ್ಯಾಹ್ನಕ್ಕೆ ಮುಂಚೆ ಮನೆಗೆ ಬಂದೆ. ಪಡಸಾಲೆಯಲ್ಲಿ ಅತ್ತೆ ಕಾಲು ನೀಡಿ ಕುಳಿತಿದ್ದಳು. ಕಾಲ ಮೇಲೆ ಕೂಸು ಅಂಗಾತ ಮಲಗಿತ್ತು, ಹೊಟ್ಟೆಯ ಮೇಲೆ ಅರಿವೆಯಿರಲಿಲ್ಲ. ಪಕ್ಕದಲ್ಲಿ ಒಂದು ಹರಿವಾಣ ತುಂಬ ಕೆಂಡ, ಕೆಂಡದಲ್ಲಿ ಅರಿಷಿಣದ ಕೊಂಬು.

"ಬಂದಿ? ಛಲೋ ಆತು. ಕಾಲ ಗಟ್ಟ್ಯಾಗಿ ಹಿಡಿ" ಎಂದಳು.

"ಅತ್ತಿ, ಏನ ಮಾಡಾಕತ್ತಿ?"

"ಕಣ್ಣ ಇಲ್ಲೇನು? ಮೂರ ಬರಿ ಹಾಕ್ತೇನಿ. ಸಂಜೀಕ ಆಟಾ ಆಡತೈತಿ."

"ಕೂಡದು. ಇದು ಕ್ರೌರ್ಯ. ಇದಕ್ಕ ಯಾವ ಆಧಾರಾನೂ ಇಲ್ಲ."

"ಆಧಾರ ಬೇಕೇನು? ಅಂಗಿ ಎತ್ತು."

"ಅತ್ತಿ..."

"ಎತ್ತೋ ಅಂದ್ರ!"

ಕೌಜಲಗಿಯಲ್ಲಿ ಒಂದೂವರೆ ತಾಸು ಮಾತನಾಡಿದವನು ಅಂಗಿ ಎತ್ತಿದ. ಹೊಕ್ಕಳಿನ ಮೇಲ್ಗಡೆ ಮೂರು ಕಲೆಗಳಿವೆ, ಹುಣಿಸೆಬೀಜದಷ್ಟು ಒಂದೊಂದು. ಅವು ನನ್ನ ಮೈಮೇಲೆ ಇವೆಯೆಂದು ನನಗೆ ಗೊತ್ತಿರಲಿಲ್ಲವೆಂದಲ್ಲ. ಭಾಷಣಕ್ಕೆ ಹೋಗುವಾಗ ಅವುಗಳ ಮೇಲೆ ಯಾವಾಗಲೂ ಅಂಗಿಯಿರುತ್ತಿತ್ತು, ಅಷ್ಟೇ.

"ಇವನ್ನ ಹಾಕಿದಾಕಿ ನಾ. ನೀ ಸತ್ತೇನು? ಸತ್ತಿದ್ರ, ಬರಿ ಹಾಕಬ್ಯಾಡ್ರಿ ಅಂತ ಊರೂರ ತಿರಗಿ ಭಾಷಣಾ ಯಾರ ಮಾಡ್ತಿದ್ರು?"

ನನ್ನ ತಲೆಯಲ್ಲಿ ಗದ್ದಲವೆದ್ದಿತು. ಆದರೆ ಹಳೆಯ ಅಭ್ಯಾಸ ಕೈಬಿಡಲಿಲ್ಲ; ಎದುರಾಳಿಯ ವಾದದಲ್ಲಿ ಸಂದು ಕಂಡೊಡನೆ ನಾಲಿಗೆ ತಾನೇ ಮುಂದಾಯಿತು. "ಬದುಕಿದಾಂವ ಅಂಗಿ ಎತ್ತಿ ತೋರಸ್ತಾನ, ಅತ್ತಿ. ಸತ್ತ ಕೂಸ ಬಂದು ತೋರಸ್ತಾವೇನು?" ಎಂದೆ.

ಚಪ್ಪಾಳೆ ಬೀಳಬೇಕಾದ ಮಾತು. ಅತ್ತೆಯ ಕೈ ಕೂಸಿನ ಹೊಟ್ಟೆಯ ಮೇಲೆ ಹಾಗೆಯೇ ನಿಂತಿತು.

"ಅವಕ್ಕೂ ಹಾಕಿದ್ದೆ" ಎಂದಳು.

ಯಾವ 'ಅವು' ಎಂದು ನಾನು ಕೇಳಬೇಕಾಗಿರಲಿಲ್ಲ. ಒಂದು ವಾದವನ್ನು ಗೆದ್ದು ಇಷ್ಟು ಕೀಳಾದುದು ನನ್ನ ಜೀವನದಲ್ಲಿ ಅದೇ ಮೊದಲು.

ಅತ್ತೆ ತಲೆ ಎತ್ತಿದಳು. "ಹಂಗಾರ ಏನ ಮಾಡ್ಲಿ, ಅದನ್ನರ ಹೇಳು. ಕೂಸ ಬಾಡಾಕತ್ತೈತಿ. ನೀ ತೂಗಿ ನೋಡಿದಿ, ನಾ ಎತ್ತಿ ನೋಡೇನಿ. ಬ್ಯಾಡ ಅಂದ್ರ ಬ್ಯಾಡ. ಬ್ಯಾಡ ಅಂದ ಮ್ಯಾಲ ಮುಂದೇನು?"

ಮುಂದೇನೆಂಬುದು ಹದಿನಾಲ್ಕು ನಿಯಮಗಳಲ್ಲಿ ಇರಲಿಲ್ಲ. ಬರೆ ಹಾಕಿಸಿದರೆ ನಾನು ಸುಳ್ಳನಾಗುತ್ತೇನೆ. ಹಾಕಿಸದೆ ಕೂಸು ಹೋದರೆ ಕೊಲೆಗಡುಕನಾಗುತ್ತೇನೆ. ಹಾಕಿಸಿಯೂ ಹೋದರೆ? ಹಾಕಿಸದೆಯೂ ಉಳಿದರೆ? ಮೂರು ಕಲೆಗಳ ಹೊಟ್ಟೆಯ ನಾನು ಉಳಿದಿದ್ದೇನಲ್ಲ! ಒಳಗಿನ ಇಬ್ಬರೂ ಏಕಕಾಲಕ್ಕೆ ಎದ್ದು ನಿಂತು ಮಾತನಾಡುತ್ತಿದ್ದರು, ಗಂಟೆ ಬಾರಿಸುವ ಅಧ್ಯಕ್ಷರಿರಲಿಲ್ಲ. ನನ್ನ ಕೈ ಕೂಸಿನ ಕಾಲಿನ ಕಡೆಗೆ ಹೋಗಿತ್ತು. ಹಿಡಿಯಲು ಹೋಗಿತ್ತೋ, ಬಿಡಿಸಿಕೊಳ್ಳಲು ಹೋಗಿತ್ತೋ, ಇಂದಿಗೂ ನನಗೆ ತಿಳಿಯದು.

"ರೀ" ಎಂದು ಒಳಗಿನಿಂದ ಕೇಳಿಸಿತು.

ನೀಲವ್ವ ಅರ್ಧ ತೆರೆದ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ನನ್ನ ಇಂಗ್ಲಿಷ್ ಗ್ರಂಥವಿತ್ತು. ಅದನ್ನು ಅವಳು ಓದಲಾರಳು; ಆದರೂ ಎರಡೂ ಕೈಗಳಿಂದ ಎದೆಗೆ ಅವುಚಿ ಹಿಡಿದಿದ್ದಳು.

"ಇದರಾಗ ಒಂದ ನೋಡಿ ಹೇಳ್ರಿ. ಕೂಸ ಅತ್ತ ಕೂಡ್ಲೆ ನನ್ನ ಕುಬಸ ತೊಯ್ತೈತ್ರಿ. ವ್ಯಾಳ್ಯಾ ಆಗಿರೂದಿಲ್ಲ, ಎರಡ ತಾಸ ಇರ್ತೈತಿ, ಮೂರ ತಾಸ ಇರ್ತೈತಿ. ಆದ್ರೂ ಸುರೀತೈತಿ. ಅದೇನ ಜಡ್ಡು, ಬರದಾರೇನ ನೋಡ್ರಿ."

ನಾನು ಪುಸ್ತಕವನ್ನು ತೆಗೆದುಕೊಂಡೆ. ಹೇಳಲು ನಾಚಿಕೆಯಾಗುತ್ತದೆ, ನಿಜವಾಗಿಯೂ ಹುಡುಕಿದೆ. ಕೊನೆಯ ಪುಟಗಳ ಅನುಕ್ರಮಣಿಕೆಯಲ್ಲಿ ಬೆರಳಿಟ್ಟು ಕೆಳಗಿಳಿಯುತ್ತ ಹೋದೆ.

ಅತ್ತೆ ಹುಡುಕಲಿಲ್ಲ. "ಎಂದಿನಿಂದವಾ?" ಎಂದಳು.

"ಮೊದಲಿಂದನೂ ಹಂಗ ಐತ್ರಿ, ಅತ್ತಿ. ಅರಿವಿ ಇಟ್ಕೊತೇನಿ, ಹಿಂಡಿ ಒಣ ಹಾಕ್ತೇನಿ. ನಾಕನೇ ನಿಯಮದಾಗ ಐತಲ್ರಿ, ಅತ್ರ ಕುಡಸಬಾರ್ದು ಅಂತ."

"ಅಯ್ಯ ಶಿವನ! ಕೂಸ ಬಿಟ್ಟ ಅರಿವಿಗಿ ಹಾಲ ಕುಡಸಾಕತ್ತಿದ್ದೇನ?" ಅತ್ತೆ ಕೂಸನ್ನು ಎತ್ತಿಕೊಂಡು ಎದ್ದಳು, ಅಳುವ ಕೂಸನ್ನು ಹಾಗೆಯೇ ನೀಲವ್ವನ ಸೆರಗಿನೊಳಗೆ ಇಟ್ಟಳು. ನಾನು ಗಡಿಯಾರ ನೋಡಿದೆ. ಇನ್ನೂ ಒಂದೂವರೆ ತಾಸಿತ್ತು. ನೀಲವ್ವ ನನ್ನ ಮುಖ ನೋಡಿದಳು; ಅನುಮತಿಗಾಗಿಯೇ ನೋಡಿದಳು. ಅವಳಿಗೆ ಓದು ಕಲಿಸಿದವನು ನಾನು. ನಾನು ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡೆ.

ಬೆನ್ನ ಹಿಂದೆ ಅಳು ನಿಂತಿತು. ಆಮೇಲೆ ಒಂದು ಸಣ್ಣ ಗುಟುಕಿನ ಸದ್ದು, ಮತ್ತೊಂದು, ಮತ್ತೊಂದು. ಬಹಳ ಹೊತ್ತು ಆ ಸದ್ದೊಂದೇ ಕೇಳುತ್ತಿತ್ತು.

"ಯಾಕ ಹೇಳಲಿಲ್ಲ ನೀಲಾ, ಇಷ್ಟ ದಿನಾ?" ಎಂದು ಗೋಡೆಗೇ ಕೇಳಿದೆ.

"ಪುಸ್ತಕದಾಗ ಇದ್ದದ್ದ ತಪ್ಪ ಇರ್ತೈತಂತ ನನಗೇನ ಗೊತ್ರಿ? ನನ್ನ ಹಾಲ ಕೆಟ್ಟಾವ ಅಂತ ತಿಳದಿದ್ದೆ" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಅತ್ತೆ ಕೆಂಡದ ಹರಿವಾಣದ ಮುಂದೆ ಮತ್ತೆ ಕುಳಿತಿದ್ದಳು. ಅರಿಷಿಣಕೊಂಬು ತುದಿಯಿಂದ ಬೂದಿಯಾಗುತ್ತ ಬಂದಿತ್ತು. ಅದನ್ನೇ ನೋಡುತ್ತ ಮೆಲ್ಲಗೆ ಮಾತನಾಡಿದಳು.

"ನಮ್ಮ ಕಾಲದಾಗ ಮೊದಲ ಮೂರ ದಿನಾ ಎದಿಹಾಲ ಕೊಡತಿದ್ದಿಲ್ಲ. ಕೆಟ್ಟ ಹಾಲು ಅಂತ ಹಿಂಡಿ ಚೆಲ್ಲತಿದ್ರು. ಆಮ್ಯಾಲ ನನಗ ಹಾಲ ಸರೀ ಬರಲೂ ಇಲ್ಲ. ಎರಡೂ ಬಾಳ ಅತ್ತೂ. ನಾ ಹೊಟ್ಟಿಬ್ಯಾನಿ ಅಂತ..." ಅಲ್ಲಿಗೆ ನಿಲ್ಲಿಸಿ ನನ್ನ ಕಡೆಗೆ ತಿರುಗಿದಳು. "ನೀ ಓದಿದಾಂವಾ, ಹೇಳು ತಮ್ಮಾ. ಅವೂ ಹಸದ ಅಳತಿದ್ದೂ ಏನು?"

ಹೌದೆಂದು ಸಿದ್ಧಪಡಿಸಬಲ್ಲೆ. ಅಲ್ಲವೆಂದೂ ಸಿದ್ಧಪಡಿಸಬಲ್ಲೆ. ಮೂವತ್ತು ವರ್ಷಗಳ ಹಿಂದಿನ ಎರಡು ಅಳುಗಳನ್ನು ಅವಳು ನನ್ನ ಮುಂದೆ ತಂದಿಟ್ಟು, ಚೀಟಿ ಎತ್ತು ಎನ್ನುತ್ತಿದ್ದಳು.

"ನನಗ ಗೊತ್ತಿಲ್ಲ, ಅತ್ತಿ" ಎಂದೆ.

ಅವಳು "ಹೂಂ" ಎಂದಳು. ಎದ್ದು ಒಳಗೆ ಹೋಗಿ, ಹಾಲು ಕುಡಿದು ಬಾಯಿ ತೆರೆದು ನಿದ್ದೆಹೋಗಿದ್ದ ಕೂಸನ್ನು ತಂದು, "ನಾ ಕೆಂಡಾ ಚೆಲ್ಲಿ ಬರ್ತೇನಿ, ಹಿಡಿ" ಎಂದು ನನ್ನ ಕೈಗೆ ಇಟ್ಟುಬಿಟ್ಟಳು.

ಹದಿನಾರು ದಿನ ನಾನು ಆ ಕೂಸಿನ ಮೇಲೆ ಶಾಸನ ನಡೆಸಿದ್ದೆ. ಒಂದು ಸಲವೂ ಎತ್ತಿಕೊಂಡಿರಲಿಲ್ಲ. ಅದರ ತಲೆ ಹಿಂದಕ್ಕೆ ವಾಲಿತು. ಹೊಸ್ತಿಲ ಆಚೆಯಿಂದಲೇ ಅತ್ತೆ ಕೂಗಿದಳು: "ಕುತಗಿ ಹಿಡಿಯೋ, ಕುತಗಿ!"

ಬಲಗೈ ಹೇಗೋ ಕುತ್ತಿಗೆಯ ಕೆಳಗೆ ಹೋಯಿತು. ಎಡಗೈಯನ್ನು ಎಲ್ಲಿ ಇಡಬೇಕೆಂಬುದು ತಿಳಿಯದೆ ನಾನು ಕೋಣೆಯ ಬಾಗಿಲ ಕಡೆಗೆ ನೋಡಿದೆ. ಅಲ್ಲಿ ನಿಂತಿದ್ದ ನೀಲವ್ವ ಬರಿದಾದ ತನ್ನ ಎರಡೂ ತೋಳುಗಳನ್ನು ಗಾಳಿಯಲ್ಲಿ ಮಡಿಚಿ ಹಿಡಿದು, ಹೀಗೆ ಎಂದು ತೋರಿಸಿದಳು. ನಾನು ಅವಳ ತೋಳುಗಳನ್ನೇ ನೋಡುತ್ತ, ಹಾಗೆ ಹಿಡಿದುಕೊಂಡೆ.